ಮೈಲಿ ಎಣಿಸುವ ಮೊದಲು ಬಡ್ಡಿ ಎಣಿಸಿ

ರೊದ್ದಂ ಎಂಬ ಹೆಸರು ವಿಮಾನಲೋಕಕ್ಕೆ ಹೊಸದೇನಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ನಿರ್ದೇಶಕರಾಗಿದ್ದ ವಿಜ್ಞಾನಿ ರೊದ್ದಂ ನರಸಿಂಹ ಅವರು ಆ ಹೆಸರನ್ನು ಜಗತ್ತಿನ ವೈಮಾನಿಕ ವಿಜ್ಞಾನದ ಪುಸ್ತಕಗಳಲ್ಲೆಲ್ಲ ಬರೆಸಿದರು. ಆದರೆ ರೊದ್ದಂ ಊರಿರುವ ನಮ್ಮ ಪೆನ್ನಾರ್ ಸೀಮೆಯ ಜನ ತಾವೇ ವಿಮಾನ ಹತ್ತತೊಡಗಿದ್ದು ತೀರ ಈಚೆಗೆ. ಪಕ್ಕದ ಪುಟ್ಟಪರ್ತಿಯಲ್ಲಿ 1990ರಿಂದ ವಿಮಾನ ನಿಲ್ದಾಣವೇನೋ ಇದೆ. ಟಿಕೆಟ್ ಕೊಂಡು ಹತ್ತುವ ದಿನನಿತ್ಯದ ವಿಮಾನ ಅಲ್ಲಿಲ್ಲ. ಹಾಗಾಗಿ ರೊದ್ದಂ, ಹಿಂದೂಪುರ, ಮಡಕಶಿರಾ, ಅತ್ತ ಕಲ್ಯಾಣದುರ್ಗದವರಿಗೂ ವಿಮಾನ ನಿಲ್ದಾಣವೆಂದರೆ ದೇವನಹಳ್ಳಿಯೇ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಅಲ್ಲಿಗೆ ಹೋದಾಗ ನಗರದವರು ದೂರವಾಯಿತೆಂದು ಗೊಣಗಿದರು, ನಮ್ಮ ಕಡೆಯವರಿಗೆ ಹತ್ತಿರವಾಯಿತು. ಪೆನುಕೊಂಡದಲ್ಲಿ ಹೆದ್ದಾರಿ ಹಿಡಿದರೆ ಕೊಡಿಕೊಂಡ ಚೆಕ್‌ಪೋಸ್ಟ್, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ನೇರ ಟರ್ಮಿನಲ್. ರೇಷ್ಮೆ ವ್ಯಾಪಾರ, ಎರ್ರಮಂಚಿಯ ಕಿಯಾ ಕಾರ್ಖಾನೆಯ ಕೆಲಸ, ಕಾಶಿಯಾತ್ರೆ, ಅಮೆರಿಕದಲ್ಲಿರುವ ಮಗಳ ಬಾಣಂತನ ಎಂದು ಕಾರಣಗಳೂ ಹೆಚ್ಚಿವೆ. ಜನ ವಿಮಾನ ಹತ್ತಿದಲ್ಲಿಗೆ ಕ್ರೆಡಿಟ್ ಕಾರ್ಡ್ ಮಾರುವವರೂ ಬರುತ್ತಾರೆ. ಇಂಡಿಗೊ ಹೆಸರಿನ ಕಾರ್ಡ್ ಒಳ್ಳೆಯದೋ, ಏರ್ ಇಂಡಿಯಾದ್ದೋ, ಯಾವ ಕ್ಲಬ್ಬಿನ ಪಾಯಿಂಟ್ ಬೇಗ ಕೂಡುತ್ತದೆ ಎಂಬ ಪ್ರಶ್ನೆ ಈಗ ಹಿಂದೂಪುರದ ಬ್ಯಾಂಕ್ ಕೌಂಟರಿನಲ್ಲೂ ಕೇಳಿಬರುವಂಥದ್ದು. ವರ್ಷಕ್ಕೆ ಒಂದೆರಡು ಸಲ ಹಾರುವ ಮನೆಯ ಮಟ್ಟಿಗೆ ನನ್ನ ಉತ್ತರ ಸರಳ: ಎರಡು ಕ್ಲಬ್ಬಿಗೂ ಪುಕ್ಕಟೆ ಹೆಸರು ಬರೆಸಿಕೊಳ್ಳಿ, ಯಾವುದರ ಕಾರ್ಡನ್ನೂ ತೆಗೆದುಕೊಳ್ಳಬೇಡಿ. ಇದಕ್ಕೆ ಕಾರಣಗಳನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಎದುರಿನ ವಾದವೂ ಹುರುಳಿಲ್ಲದ್ದಲ್ಲ.

ಕ್ಲಬ್ಬೂ ಕಾರ್ಡೂ ಬೇರೆಬೇರೆ ಎಂಬುದರಿಂದ ಶುರುಮಾಡೋಣ. ಕ್ಲಬ್ಬೆಂದರೆ ವಿಮಾನ ಕಂಪನಿಯ ಪಾಯಿಂಟ್ ಯೋಜನೆ, ಕಾರ್ಡೆಂದರೆ ಆ ಕಂಪನಿಯ ಹೆಸರಿನಲ್ಲಿ ಬ್ಯಾಂಕು ಕೊಡುವ ಕ್ರೆಡಿಟ್ ಕಾರ್ಡ್. ಪದೇಪದೇ ಹಾರುವವರಿಗೆ ಮೈಲಿ ಲೆಕ್ಕದಲ್ಲಿ ಬಹುಮಾನ ಕೊಡುವ ದೊಡ್ಡ ಯೋಜನೆಯನ್ನು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತಂದಿತು. ಯುನೈಟೆಡ್ ಕೆಲವೇ ದಿನಗಳಲ್ಲಿ ಹಿಂದೆ ಬಂತು. ಆಗ ಅದು ಖಾಲಿ ಸೀಟುಗಳನ್ನು ಗಿರಾಕಿಗೆ ಕೊಟ್ಟು ಖುಷಿಪಡಿಸುವ ಉಪಾಯವಾಗಿತ್ತು. ಮುಂದೆ ಬ್ಯಾಂಕುಗಳು ಜತೆಗೂಡಿದವು. ವಿಮಾನ ಕಂಪನಿ ತನ್ನ ಪಾಯಿಂಟುಗಳನ್ನು ಸಗಟಾಗಿ ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ಅದನ್ನು ಕಾರ್ಡ್ ಉಜ್ಜಿದವರಿಗೆ ಚಿಲ್ಲರೆಯಾಗಿ ಹಂಚುತ್ತದೆ. ಈ ವ್ಯಾಪಾರ ಎಷ್ಟು ಬೆಳೆದಿದೆ ಎಂಬುದು ಕೋವಿಡ್ ಕಾಲದಲ್ಲಿ ಬಯಲಾಯಿತು. 2020ರಲ್ಲಿ ವಿಮಾನಗಳೆಲ್ಲ ನೆಲದ ಮೇಲಿದ್ದಾಗ ಯುನೈಟೆಡ್ ಸಾಲಕ್ಕೆ ಅಡವಿಟ್ಟದ್ದು ತನ್ನ ಮೈಲಿ ಯೋಜನೆಯನ್ನು. ಅದಕ್ಕೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್, ಅಂದರೆ ಆ ಹೊತ್ತಿಗೆ ಷೇರುಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚು. ವಿಮಾನ ಹಾರಿಸಿ ಗಳಿಸುವುದಕ್ಕಿಂತ ಪಾಯಿಂಟ್ ಮಾರಿ ಗಳಿಸುವುದೇ ಭದ್ರ ಎಂದು ಸಾಲ ಕೊಟ್ಟವರೇ ಒಪ್ಪಿದಂತಾಯಿತು. ಇಂಡಿಗೊ 2006ರಿಂದ ಎಷ್ಟೋ ವರ್ಷ ಇಂಥ ಕ್ಲಬ್ಬೇ ಇಲ್ಲದೆ, ಅಗ್ಗದ ಟಿಕೆಟ್ ಮತ್ತು ಹೊತ್ತಿಗೆ ಸರಿಯಾದ ಹಾರಾಟವನ್ನೇ ನಂಬಿ ದೇಶದ ಅತಿ ದೊಡ್ಡ ಕಂಪನಿಯಾಯಿತು. ಅದೂ 2024ರಲ್ಲಿ ಬ್ಲೂಚಿಪ್ ಎಂಬ ಯೋಜನೆ ತಂದಿತು. ಗಿರಾಕಿಯ ಮೇಲೆ ಹಠಾತ್ತನೆ ಪ್ರೀತಿ ಉಕ್ಕಿ ತಂದದ್ದೆಂದು ನಂಬುವುದು ಕಷ್ಟ.

ಹಾಗಾದರೆ ಪಾಯಿಂಟಿನ ದುಡ್ಡು ಎಲ್ಲಿಂದ ಬರುತ್ತದೆ? ಒಂದು ಪಾಲು ಅಂಗಡಿಯವನಿಂದ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಪ್ರತಿ ನೂರು ರೂಪಾಯಿಗೆ ಎರಡು ರೂಪಾಯಿಯ ಆಸುಪಾಸು ಅವನು ಬಿಟ್ಟುಕೊಡುತ್ತಾನೆ, ಕೊನೆಗೆ ಅದು ನಗದು ಕೊಡುವವರಿಗೂ ಸೇರಿ ಸಾಮಾನಿನ ಬೆಲೆಯಲ್ಲಿ ಕೂಡಿಕೊಳ್ಳುತ್ತದೆ. ಇನ್ನೊಂದು ಪಾಲು ವಾರ್ಷಿಕ ಶುಲ್ಕದಿಂದ. ಮತ್ತೊಂದು ದೊಡ್ಡ ಪಾಲು, ಬಿಲ್ಲನ್ನು ಪೂರ್ತಿ ಕಟ್ಟಲಾರದೆ ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ. ಅಮೆರಿಕದ ಫೆಡರಲ್ ರಿಸರ್ವ್ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರಿದ್ದ ತಂಡವೊಂದು ಅಲ್ಲಿನ ಕಾರ್ಡುಗಳ ಲೆಕ್ಕ ಬಗೆದು ನೋಡಿತು. ಬಹುಮಾನದ ಕಾರ್ಡುಗಳ ಮೂಲಕ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಕಡಿಮೆ ಓದಿದವರಿಂದ ಹೆಚ್ಚು ಓದಿದವರಿಗೆ, ಬಡ ಪ್ರದೇಶಗಳಿಂದ ಸಿರಿವಂತ ಪ್ರದೇಶಗಳಿಗೆ ಹರಿಯುತ್ತದೆಂದು ಅವರು ಅಂದಾಜು ಮಾಡಿದರು. ಲೆಕ್ಕದಲ್ಲಿ ಚುರುಕಾದವರು ತಿನ್ನುವ ಬಹುಮಾನಕ್ಕೆ ಲೆಕ್ಕ ತಪ್ಪಿದವರು ದುಡ್ಡು ಕಟ್ಟುತ್ತಾರೆ ಎಂಬುದು ಅದರ ತಾತ್ಪರ್ಯ. ನಮ್ಮ ದೇಶದಲ್ಲೂ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 2024ರ ಆರಂಭದಲ್ಲೇ 10 ಕೋಟಿ ದಾಟಿದೆ. ಬೆಂಗಳೂರಿನ ಸಂಬಳದಾರನೂ ರೊದ್ದದ ಬೆಳೆಗಾರನೂ ಒಂದೇ ಆಟಕ್ಕೆ ಕೂತಿದ್ದಾರೆ. ಯಾರು ಯಾವ ಪಾಲು ಕಟ್ಟುತ್ತಾರೆಂಬುದು ಅವರವರ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಅದಕ್ಕೂ ಮೊದಲು ಪಾಯಿಂಟಿನ ಬೆಲೆಯ ವಿಷಯ. ಅದನ್ನು ಕೊಡುವವನೇ ಅದರ ಬೆಲೆಯನ್ನೂ ಕಟ್ಟುತ್ತಾನೆ, ಬೇಕೆಂದಾಗ ಇಳಿಸುತ್ತಾನೆ. ಇದು ಊಹೆಯಲ್ಲ, ದೇವನಹಳ್ಳಿಯಿಂದ ಹಾರಿದವರು ಕಣ್ಣಾರೆ ಕಂಡದ್ದು. ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಶುರುವಾಗಿ 2012ರ ಅಕ್ಟೋಬರಿನಲ್ಲಿ ನಿಂತಿತು. ಅದರ ಕಿಂಗ್ ಕ್ಲಬ್ಬಿನಲ್ಲಿ ಕೂಡಿಟ್ಟ ಮೈಲಿಗಳು ಅಲ್ಲಿಗೆ ಮುಗಿದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಹಾರಾಟ ಮಾಡಿತು. ಅದರ ಮೈಲಿ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಉಳಿಯಿತು ನಿಜ, ಆದರೆ ಆ ಮೈಲಿಗಳಿಂದ ಹತ್ತಲು ಜೆಟ್ ವಿಮಾನವೇ ಇರಲಿಲ್ಲ. ಗೋ ಫಸ್ಟ್ 2023ರ ಮೇನಲ್ಲಿ ನಿಂತಿತು. ಕಂಪನಿ ಮುಳುಗಬೇಕೆಂದೂ ಇಲ್ಲ, ಒಳ್ಳೆಯ ಮನೆಗೆ ಸೊಸೆಯಾಗಿ ಹೋದರೂ ಸಾಕು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಲೀನವಾದಾಗ ಕ್ಲಬ್ ವಿಸ್ತಾರಾದ ಪಾಯಿಂಟುಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಹೋದವು. ಅದು ಮರ್ಯಾದೆಯ ನಡವಳಿಕೆಯೇ. ಆದರೆ ವಿಸ್ತಾರಾ ಹೆಸರಿನ ಕಾರ್ಡುಗಳನ್ನು ಜನ ತೆಗೆದುಕೊಂಡದ್ದು, ಇಷ್ಟು ಖರ್ಚು ಮಾಡಿದರೆ ಇಷ್ಟು ಟಿಕೆಟ್ ಪುಕ್ಕಟೆ ಎಂಬ ವೋಚರಿನ ಆಸೆಯಿಂದ. ಎಸ್‌ಬಿಐ, ಐಡಿಎಫ್‌ಸಿ ಫಸ್ಟ್ ಕಾರ್ಡುಗಳಲ್ಲಿ ಆ ವೋಚರುಗಳು 2025ರ ಮಾರ್ಚ್ ಕೊನೆಗೆ ನಿಂತವು. ಅದೇ ಹೊತ್ತಿಗೆ ಏರ್ ಇಂಡಿಯಾ ಎಸ್‌ಬಿಐ ಪ್ಲಾಟಿನಂ ಕಾರ್ಡಿನಲ್ಲಿ ಏರ್ ಇಂಡಿಯಾ ಟಿಕೆಟ್ ಕೊಂಡರೆ ನೂರು ರೂಪಾಯಿಗೆ ಸಿಗುತ್ತಿದ್ದ 15 ಪಾಯಿಂಟ್ 5ಕ್ಕೆ, ಸಿಗ್ನೇಚರ್ ಕಾರ್ಡಿನ 30 ಪಾಯಿಂಟ್ 10ಕ್ಕೆ ಇಳಿಯಿತು. ಮೂರರಲ್ಲಿ ಎರಡು ಪಾಲು ಒಂದೇ ಸುತ್ತೋಲೆಯಲ್ಲಿ ಹೋಯಿತು. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನವರು 2023ರ ಸೆಪ್ಟೆಂಬರಿಗೆ ಮೊದಲು ಐದು ಪಾಯಿಂಟಿಗೆ ನಾಲ್ಕು ಮೈಲಿ ಪಡೆಯುತ್ತಿದ್ದರು, ಆಮೇಲೆ ಎರಡು. ಬ್ಯಾಂಕುಗಳು ಮುಂಚಿತವಾಗಿ ನೋಟಿಸು ಕೊಡುತ್ತವೆ, ಇಲ್ಲವೆನ್ನುವುದಿಲ್ಲ. ನೋಟಿಸು ಕೊಟ್ಟು ಬೆಲೆ ಇಳಿಸಿದರೂ ಬೆಲೆ ಇಳಿದದ್ದೇ. ಮೂರು ವರ್ಷಕ್ಕೊಮ್ಮೆ ದೊಡ್ಡ ಪ್ರಯಾಣ ಮಾಡೋಣವೆಂದು ನಿಧಾನವಾಗಿ ಕೂಡಿಡುವ ಮನೆಯವರಿಗೇ ಈ ಏಟು ಜೋರಾಗಿ ಬೀಳುತ್ತದೆ. ತಿಂಗಳು ತಿಂಗಳೂ ಹಾರುವವನು ಬಂದ ಪಾಯಿಂಟನ್ನು ಆಗಲೇ ಖರ್ಚು ಮಾಡಿರುತ್ತಾನೆ.

ಈಗ ಒಂದು ಮನೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಓದುಗರು ತಮ್ಮ ಕಾರ್ಡಿನ ಅಂಕಿಗಳನ್ನು ಹಾಕಿಕೊಳ್ಳಬಹುದು. ವಾರ್ಷಿಕ ಶುಲ್ಕ 1,500 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 1,770. ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 1,80,000 ರೂಪಾಯಿ ಕಾರ್ಡಿನಲ್ಲಿ ಖರ್ಚಾಯಿತೆನ್ನಿ. ಊರುಗಳಲ್ಲಿ ಅಷ್ಟು ಖರ್ಚು ಮಾಡುವುದೂ ಸುಲಭವಲ್ಲ, ಪೆಟ್ರೋಲು, ಬಾಡಿಗೆಯಂಥ ಎಷ್ಟೋ ಬಾಬತ್ತಿಗೆ ಹಲವು ಕಾರ್ಡುಗಳು ಪಾಯಿಂಟೇ ಕೊಡುವುದಿಲ್ಲ. ಆದರೂ ಇರಲಿ. ನೂರು ರೂಪಾಯಿಗೆ ಎರಡು ಪಾಯಿಂಟಿನಂತೆ 3,600 ಪಾಯಿಂಟ್ ಬಂತು. ಟಿಕೆಟ್ ಕೊಳ್ಳುವಾಗ ಒಂದು ಪಾಯಿಂಟಿಗೆ ಐವತ್ತು ಪೈಸೆ ಸಿಕ್ಕರೆ 1,800 ರೂಪಾಯಿ. ಶುಲ್ಕ ಕಳೆದು ಉಳಿದದ್ದು ವರ್ಷಕ್ಕೆ 30 ರೂಪಾಯಿ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಇಷ್ಟರ ಮೇಲೆ ಪಾಯಿಂಟಿನಲ್ಲಿ ಕೊಂಡ ಟಿಕೆಟ್ಟಿಗೂ ನಿಲ್ದಾಣದ ಶುಲ್ಕ, ತೆರಿಗೆಗಳನ್ನು ಕೈಯಿಂದ ಕಟ್ಟಬೇಕಾಗುವುದೇ ಹೆಚ್ಚು. ಈಗ ಒಂದೇ ಒಂದು ತಿಂಗಳು ಬಿಲ್ಲು ಕಟ್ಟುವುದು ತಪ್ಪಿತೆನ್ನಿ. ತಿಂಗಳಿಗೆ ಶೇ 3.5 ಬಡ್ಡಿ ಈ ಕಾರ್ಡುಗಳಲ್ಲಿ ಮಾಮೂಲು. 15,000ಕ್ಕೆ 525 ರೂಪಾಯಿ ಬಡ್ಡಿ, ಅದರ ಮೇಲೂ ಜಿಎಸ್‌ಟಿ, ಒಟ್ಟು 620ರ ಹತ್ತಿರ. ತಡವಾದದ್ದಕ್ಕೆ ದಂಡ ಬೇರೆ. ಇಪ್ಪತ್ತು ವರ್ಷ ಶಿಸ್ತಾಗಿ ಕಾರ್ಡ್ ಬಳಸಿ ಕೂಡಿಸಿದ 600 ರೂಪಾಯಿ ಲಾಭ ಒಂದು ತಿಂಗಳ ಮರೆವಿಗೆ ಸಾಲದು. ಬಾಕಿ ಉಳಿದ ಮೇಲೆ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆಂಬುದು ಎಷ್ಟೋ ಜನಕ್ಕೆ ಬಿಲ್ಲು ಕೈಗೆ ಬಂದ ಮೇಲಷ್ಟೇ ತಿಳಿಯುವ ಸಂಗತಿ.

ನಮ್ಮ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸಲು ಕಾರಣ ಮಳೆ. ಅನಂತಪುರ ಮತ್ತು 2022ರಲ್ಲಿ ಅದರಿಂದ ಒಡೆದ ಶ್ರೀ ಸತ್ಯಸಾಯಿ ಜಿಲ್ಲೆಗಳು ದೇಶದ ತೀರ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ಮುಂಗಾರಿಗೆ ಬಿತ್ತಿದ ಕಡಲೆಕಾಯಿಯ ದುಡ್ಡು ಕೈಸೇರುವುದು ದೀಪಾವಳಿಯ ಹಿಂದೆಮುಂದೆ, ಅದೂ ಬೆಳೆ ಕೈಗೆ ಬಂದರೆ. ರೇಷ್ಮೆ ಸಾಕುವವರಿಗೆ ಗೂಡಿನ ಬೆಳೆ ವರ್ಷಕ್ಕೆ ಹಲವು ಸಲ ಬರುತ್ತದೆ, ಆದರೆ ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಆ ದಿನದ ಹರಾಜಿನ ಧಾರಣೆ ಏನೋ ಅದೇ. ಅಂಗಡಿ, ಗಾರ್ಮೆಂಟ್, ಲಾರಿ, ಆಟೊ, ಎಲ್ಲವೂ ಕೊನೆಗೆ ಈ ದುಡ್ಡಿನ ಏರಿಳಿತದ ಮೇಲೇ ನಡೆಯುತ್ತವೆ. ಕಾರ್ಡಿನ ಬಿಲ್ಲಾದರೋ ಮಳೆ ಬರಲಿ ಬಿಡಲಿ ತಿಂಗಳ ಅದೇ ತಾರೀಖಿಗೆ ಬರುತ್ತದೆ. ತಿಂಗಳ ಮೊದಲ ದಿನ ಸಂಬಳ ಜಮೆಯಾಗುವವರಿಗೆ ಹೊಲಿದ ಅಂಗಿ ಇದು. ಹೋಲಿಸಿ ನೋಡಲು ರೈತರ ಕೈಯಲ್ಲೇ ಇನ್ನೊಂದು ಕಾರ್ಡ್ ಇದೆ: 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್. ಮೂರು ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4 ಬೀಳುತ್ತದೆ, ಕಂತೂ ಬೆಳೆಯ ಕಾಲಕ್ಕೆ ಹೊಂದಿಕೊಂಡಿರುತ್ತದೆ. ವಿಮಾನದ ಚಿತ್ರವಿರುವ ಕಾರ್ಡಿನಲ್ಲಿ ಬಾಕಿ ಬಿದ್ದರೆ ತಿಂಗಳಿಗೆ ಶೇ 3.5ರಂತೆ ವರ್ಷಕ್ಕೆ ಶೇ 42. ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಕಾರ್ಡಿನ ಬಡ್ಡಿ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಹಾಗಾಗಿ ಅಂಥ ಕಡಿವಾಣವೂ ಈಗ ಇಲ್ಲ.

ಇನ್ನು ಎದುರಿನ ಮಾತುಗಳು. ಹೇಗೂ ಖರ್ಚು ಮಾಡುತ್ತೇವಲ್ಲ, ಬರುವ ಪಾಯಿಂಟನ್ನು ಯಾಕೆ ಬಿಡಬೇಕು ಎನ್ನುವುದು ಮೊದಲನೆಯದು. ತಿಂಗಳ ಸಂಬಳ ಇರುವ, ಬಿಲ್ಲನ್ನು ಖಾತೆಯಿಂದ ತಾನಾಗಿ ಪೂರ್ತಿ ಕಟ್ಟುವ ಏರ್ಪಾಡು ಮಾಡಿಕೊಂಡವರ ಮಟ್ಟಿಗೆ ಇದು ಸರಿಯಾದ ಪ್ರಶ್ನೆ. ಅಂಥವರಿಗೂ ವಾರ್ಷಿಕ ಶುಲ್ಕವಿಲ್ಲದ, ದುಡ್ಡನ್ನೇ ವಾಪಸು ಕೊಡುವ ಸಾಮಾನ್ಯ ಕಾರ್ಡ್ ಮೇಲು. ಮೇಲಿನ ಲೆಕ್ಕದಲ್ಲೇ ನೂರಕ್ಕೆ ಒಂದು ರೂಪಾಯಿ ವಾಪಸು ಬಂದರೂ 1,800 ರೂಪಾಯಿ ಇಡಿಯಾಗಿ ಉಳಿಯುತ್ತದೆ, ಅದರಲ್ಲಿ ಬಸ್ ಟಿಕೆಟ್ಟೂ ಕೊಳ್ಳಬಹುದು, ಗೊಬ್ಬರವನ್ನೂ. ಯಾವ ಕಂಪನಿಯೂ ಸುತ್ತೋಲೆ ಹೊರಡಿಸಿ ರೂಪಾಯಿಯ ಬೆಲೆಯನ್ನು ಮೂರನೇ ಒಂದಕ್ಕೆ ಇಳಿಸಲಾರದು. ಎರಡನೆಯದು ವಿಮಾನ ನಿಲ್ದಾಣದ ಲೌಂಜಿನ ಆಸೆ: ಎರಡು ರೂಪಾಯಿಗೆ ಊಟ ಎಂಬ ಜಾಹೀರಾತಿನ ಮಾತು. ಅದರ ಹಿಂದಿನ ಷರತ್ತು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. ಎಚ್‌ಡಿಎಫ್‌ಸಿಯ ರೆಗಾಲಿಯಾ ಕಾರ್ಡಿನವರು 2023ರ ಡಿಸೆಂಬರಿನಿಂದ ಮೂರು ತಿಂಗಳಲ್ಲಿ ಒಂದು ಲಕ್ಷ ಖರ್ಚು ಮಾಡಿದರಷ್ಟೇ ಲೌಂಜಿನ ಬಾಗಿಲು ತೆರೆಯುತ್ತದೆ. ಬೇರೆ ಬ್ಯಾಂಕುಗಳೂ ಅದೇ ದಾರಿ ಹಿಡಿದಿವೆ. ಒಂದು ಕಾರ್ಡಿಗೆ ಸಾಮಾನ್ಯವಾಗಿ ಒಬ್ಬರಿಗೆ ಪ್ರವೇಶ. ಮಗ ಒಳಗೆ ಕೂತು ಉಪ್ಪಿಟ್ಟು ತಿನ್ನುತ್ತ ಅಪ್ಪ ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವ ಮನೆಗಳು ನಮ್ಮ ಕಡೆ ಕಡಿಮೆ.

ಮೂರನೆಯ ವಾದ ಹೆಚ್ಚು ಗಟ್ಟಿಯಾದದ್ದು. ಕಂಪನಿಗಳು ಗಿರಾಕಿಗಾಗಿ ಪೈಪೋಟಿ ನಡೆಸುವಾಗ ಅದರ ಲಾಭ ಪಡೆಯುವುದೇ ಜಾಣತನವಲ್ಲವೆ? ಪೈಪೋಟಿ ಇದ್ದರೆ ಹೌದು. ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಯನ್ನು ಇಂಡಿಗೊ ಮತ್ತು ಏರ್ ಇಂಡಿಯಾ ಬಳಗ ಇವೆರಡೇ ಒಯ್ಯುತ್ತವೆ, ಅದರಲ್ಲೂ ಇಂಡಿಗೊ ಒಂದೇ ಆರು ಮಂದಿಗೂ ಹೆಚ್ಚು. ಸಣ್ಣ ಊರುಗಳ ದಾರಿಯಲ್ಲಿ ಬೆಂಗಳೂರಿನಿಂದ ಒಂದೇ ಕಂಪನಿಯ ವಿಮಾನ ಇರುವುದೂ ಉಂಟು. ಬೇರೆ ದಾರಿಯೇ ಇಲ್ಲದವನ ನಿಷ್ಠೆಗೆ ಬಹುಮಾನ ಕೊಡುವ ಅಗತ್ಯ ಕಂಪನಿಗೆ ಹೆಚ್ಚು ದಿನ ಕಾಣುವುದಿಲ್ಲ; ಎರಡೇ ಅಂಗಡಿ ಇರುವ ಪೇಟೆಯಲ್ಲಿ ರಿಯಾಯಿತಿ ಎಷ್ಟು ದಿನ ಬಾಳುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ಕೆಲಸದ ಹೊತ್ತಿನ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದು ಮಾಡಿದಾಗ, ದೇಶದ ನಿಲ್ದಾಣಗಳಲ್ಲಿ ಸೂಟ್‌ಕೇಸಿನ ಮೇಲೆ ಕೂತವರಲ್ಲಿ ಕ್ಲಬ್ಬಿನ ಸದಸ್ಯರೂ ಇದ್ದರು, ಅಲ್ಲದವರೂ ಇದ್ದರು. ಅಂಥ ದಿನ ಬೇಕಾದದ್ದು ಇನ್ನೊಂದು ಕಂಪನಿಯ ಟಿಕೆಟ್ ಕೊಳ್ಳುವ ಸ್ವಾತಂತ್ರ್ಯ ಮತ್ತು ಕೈಯಲ್ಲಿ ಕಾಸು. ಒಂದೇ ಕಂಪನಿಗೆ ಪಾಯಿಂಟಿನ ದಾರದಿಂದ ಕಟ್ಟಿಕೊಂಡವರಿಗೆ ಅದು ಕಡಿಮೆಯಾಗುತ್ತದೆ. ಮೈಲಿಯ ಆಸೆಗೆ ಮುನ್ನೂರು ನಾನೂರು ರೂಪಾಯಿ ಹೆಚ್ಚು ಕೊಟ್ಟು ಹೊತ್ತಲ್ಲದ ಹೊತ್ತಿನ ವಿಮಾನ ಹಿಡಿಯುವುದು, ಆ ವಿಮಾನಕ್ಕಾಗಿ ಪೆನುಕೊಂಡದಿಂದ ನಡುರಾತ್ರಿ ಟ್ಯಾಕ್ಸಿ ಮಾಡುವುದು, ಇವು ಯಾರ ಪಾಯಿಂಟ್ ಪಟ್ಟಿಯಲ್ಲೂ ಕಾಣದ ಖರ್ಚುಗಳು.

ಕಾರ್ಡ್ ನಿಜಕ್ಕೂ ಲಾಭ ಕೊಡುವವರು ಇದ್ದಾರೆಂಬುದನ್ನು ಒಪ್ಪಬೇಕು. ಕಾರ್ಖಾನೆಯ ಕೆಲಸಕ್ಕೆ ತಿಂಗಳಿಗೆರಡು ಸಲ ದಿಲ್ಲಿ, ಚೆನ್ನೈ ಎಂದು ಓಡಾಡುವ ಇಂಜಿನಿಯರಿಗೆ ಟಿಕೆಟ್ಟಿನ ದುಡ್ಡು ಕಂಪನಿಯದು, ಪಾಯಿಂಟ್ ಅವರದು. ಅವರು ಲೆಕ್ಕ ಹಾಕಲಿ, ತಾವು ಹಾರುವ ದಾರಿಯಲ್ಲಿ ಯಾರ ವಿಮಾನ ಹೆಚ್ಚಿದೆಯೋ ಅವರ ಕ್ಲಬ್ಬು ಹಿಡಿಯಲಿ. ಜಾಹೀರಾತಿನ ಮೊದಲ ವರ್ಷದ ಸ್ವಾಗತ ಪಾಯಿಂಟ್ ನೋಡಿ ಹಿಡಿಯುವುದು ಬೇಡ, ಎರಡನೆಯ ವರ್ಷ ಶುಲ್ಕ ಕಟ್ಟಿದ ಮೇಲೆ ಏನು ಉಳಿಯುತ್ತದೆಂದು ನೋಡಲಿ. ಮಕ್ಕಳನ್ನು ನೋಡಲು ಎರಡು ವರ್ಷಕ್ಕೊಮ್ಮೆ ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರ ಲೆಕ್ಕವೂ ಸ್ವಲ್ಪ ಬೇರೆ. ಅವರಿಗೂ ಕಾರ್ಡ್ ಬೇಡ, ಆದರೆ ಕ್ಲಬ್ಬಿನ ಆಯ್ಕೆಯಲ್ಲಿ ಹುರುಳಿದೆ. ಏರ್ ಇಂಡಿಯಾ, ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್ ಮೂರೂ ಸ್ಟಾರ್ ಅಲಯನ್ಸ್ ಎಂಬ ಒಂದೇ ಒಕ್ಕೂಟದವು. ಒಮ್ಮೆ ಒಂದರಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ಹೋದರೂ ಒಂದೇ ಸದಸ್ಯತ್ವದ ನಂಬರ್ ಕೊಟ್ಟರೆ ಪಾಯಿಂಟ್ ಒಂದೇ ಕಡೆ ಕೂಡುತ್ತದೆ. ಎಮಿರೇಟ್ಸ್ ಯಾವ ಒಕ್ಕೂಟದಲ್ಲೂ ಇಲ್ಲ, ಅದರ ಪಾಯಿಂಟಿನ ಲೆಕ್ಕವೇ ಬೇರೆ. ತೀರ ಅಗ್ಗದ ಟಿಕೆಟ್ಟಿಗೆ ಪಾಯಿಂಟ್ ಅಲ್ಪವೆಂಬುದನ್ನೂ, ಅವಧಿ ಮುಗಿದರೆ ಸೊನ್ನೆಯಾಗುತ್ತದೆಂಬುದನ್ನೂ ಟಿಕೆಟ್ ಮಾಡಿಸಿಕೊಡುವ ಮಗ ಅಥವಾ ಮಗಳು ನೋಡಿಕೊಂಡರಾಯಿತು. ಸದಸ್ಯತ್ವ ಪುಕ್ಕಟೆ, ಬಂದಷ್ಟು ಬರಲಿ.

ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ನಾಲ್ಕು ದೊಡ್ಡ ವಿಮಾನ ಕಂಪನಿಗಳಿಂದ ಪಾಯಿಂಟಿನ ಬೆಲೆ ಇಳಿಸುವ ವಿಚಾರದಲ್ಲಿ ವಿವರ ಕೇಳಿತು. ನಮ್ಮಲ್ಲಿ ವಿಮಾನ ಒಬ್ಬರ ಕೈಯಲ್ಲಿ, ಕಾರ್ಡ್ ರಿಸರ್ವ್ ಬ್ಯಾಂಕಿನ ಕೈಯಲ್ಲಿ, ನಡುವಿನ ಪಾಯಿಂಟ್ ಯಾರಿಗೂ ಪೂರ್ತಿ ಸೇರಿದ್ದಲ್ಲವೆಂಬಂತಾಗಿದೆ. ಕೂಡಿಟ್ಟ ಪಾಯಿಂಟಿಗೆ ಹಳೆಯ ಬೆಲೆಯನ್ನೇ ಕನಿಷ್ಠ ಒಂದು ವರ್ಷ ಕಾಯಬೇಕೆಂಬ ನಿಯಮ ತರುವುದು ಅತಿಯಾದ ಬೇಡಿಕೆಯೇನಲ್ಲ. ಕಾರ್ಡಿನ ಷರತ್ತುಗಳು ಸರಳವಾಗಿ, ಸಾಧ್ಯವಾದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಹೇಳುತ್ತವೆ. ಮಡಕಶಿರಾ, ಅಮರಾಪುರ, ರೊಳ್ಳದ ಕಡೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಸ್ಥಳೀಯ ಭಾಷೆಯೆಂದರೆ ಕನ್ನಡ, ಉಳಿದವರಿಗೆ ತೆಲುಗು. ಬ್ಯಾಂಕುಗಳು ಎರಡರಲ್ಲೂ ಕೊಡಬೇಕು. ಕೊಡುವ ತನಕ, ಓದಲಾಗದ ಅರ್ಜಿಗೆ ಸಹಿ ಹಾಕದಿರುವ ಹಕ್ಕು ಎಲ್ಲರಿಗೂ ಇದೆ. ಕೇಳದೆ ಕಾರ್ಡ್ ಕೊಟ್ಟು ಬಿಲ್ಲು ಹಾಕಿದರೆ ಬ್ಯಾಂಕು ಆ ಬಿಲ್ಲನ್ನು ರದ್ದು ಮಾಡಿ ಅದರ ಎರಡು ಪಟ್ಟು ದಂಡ ಕಟ್ಟಬೇಕೆಂದೂ ಅದೇ ನಿರ್ದೇಶನಗಳಲ್ಲಿದೆ. ಕಾರ್ಡ್ ಈಗಾಗಲೇ ಮನೆಗೆ ಬಂದು, ಮೇಲಿನ ಲೆಕ್ಕ ಹಾಕಿದ ಮೇಲೆ ಬೇಡವೆನಿಸಿದವರು ಮೊದಲು ಇರುವ ಪಾಯಿಂಟನ್ನು ಖರ್ಚು ಮಾಡಲಿ, ಬಾಕಿ ತೀರಿಸಲಿ, ಆಮೇಲೆ ಮುಚ್ಚುವಂತೆ ಬ್ಯಾಂಕಿಗೆ ಬರೆದು ಕೇಳಲಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗಿರಾಕಿಗೆ ಕೊಡಬೇಕು.